ಕರಗದ್ದನ್ನು ಅಳೆಯೋದು

ನಮ್ಮ ಮೂವರ ಫೈನಲ್ ಇಯರ್ ಪ್ರಾಜೆಕ್ಟಿನ ಹೆಸರು ಕೇಳಿದರೆ ಯಾರಿಗಾದರೂ ಆಕಳಿಕೆ ಬರುತ್ತೆ: ಎಥನಾಲ್‌ನಲ್ಲಿ ಗ್ಲೈಸಿನ್ ಎಷ್ಟು ಕರಗುತ್ತೆ? ರಜೆಗೆ ಸಿಂಗಟಗೆರೆಗೆ ಹೋದಾಗ ನಮ್ಮಲ್ಲೊಬ್ಬನ ಅಜ್ಜಿ ಅದನ್ನೇ ಕೇಳಿದರು. ಹೆಚ್ಚುಕಮ್ಮಿ ಕರಗೋದೇ ಇಲ್ಲ ಅಜ್ಜಿ, ಅಂದೆವು. "ಕೊಬ್ಬರಿ ಎಣ್ಣೆಗೆ ಉಪ್ಪು ಹಾಕ್ದಂಗೆ ಅನ್ನಿ. ಅದನ್ನ ಅಳಿಯಾಕೆ ಮೂರು ಜನ ಬೇಕೇನ್ರೋ?"

ಹೋಲಿಕೆ ಸರಿಯಾಗೇ ಇತ್ತು. ಗ್ಲೈಸಿನ್ ಅಣುವಿನ ಒಂದು ತುದಿ ಧನ, ಇನ್ನೊಂದು ಋಣ. ಹರಳಿನೊಳಗೆ ಅಣುಗಳು ಉಪ್ಪಿನ ಹಾಗೇ ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ನೀರು ಆ ಹಿಡಿತ ಬಿಡಿಸುತ್ತೆ: 25 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ ಸುಮಾರು 25 ಗ್ರಾಂ. ಎಥನಾಲ್‌ನಲ್ಲಾದರೆ 100 ಮಿಲಿಗೆ ಬರೀ 3 ಮಿಲಿಗ್ರಾಂ ಆಸುಪಾಸು.

ಈ 3 ಮಿಲಿಗ್ರಾಂ ಯಾಕೆ ಬೇಕು? 1971ರಲ್ಲಿ ನೊಜಾಕಿ ಮತ್ತು ಟ್ಯಾನ್‌ಫರ್ಡ್ ಇಂಥ ಅಂಕಿಗಳಿಂದಲೇ, ಯಾವ ಅಮೈನೋ ಆಮ್ಲದ ಪಕ್ಕದ ಸರಪಳಿ ನೀರಿನಿಂದ ಎಷ್ಟು ದೂರ ಸರಿಯುತ್ತೆ ಅಂತ ಲೆಕ್ಕ ಹಾಕಿದರು. ಪ್ರೋಟೀನ್ ಮಡಚಿಕೊಳ್ಳುವಾಗ ಯಾವ ಭಾಗ ಒಳಗೆ ಅಡಗುತ್ತೆ ಅನ್ನೋದನ್ನ ಅರಿಯಲು ಅದು ಬೇಕು. ಗ್ಲೈಸಿನ್‌ಗೆ ಆ ಸರಪಳಿಯ ಜಾಗದಲ್ಲಿ ಒಂದೇ ಒಂದು ಹೈಡ್ರೋಜನ್. ಹಾಗಾಗಿ ಉಳಿದವುಗಳ ಲೆಕ್ಕದಿಂದ ಗ್ಲೈಸಿನ್‌ನದನ್ನು ಕಳೀತಾರೆ. ಇದೊಂದು ತಪ್ಪಿದರೆ ಇಡೀ ಪಟ್ಟಿಯೇ ಅಷ್ಟು ಪಕ್ಕಕ್ಕೆ ಸರಿಯುತ್ತೆ.

ವಿಧಾನ ಸರಳ: ಪುಡಿ ಜಾಸ್ತಿ ಹಾಕಿ, ದಿನಗಟ್ಟಲೆ ಕಲಕಿ, ಸೋಸಿ, ಎಥನಾಲ್ ಆವಿಯಾಗಿಸಿ, ಉಳಿದದ್ದನ್ನು ತೂಗೋದು. ನಮ್ಮ ತಕ್ಕಡಿ 0.1 ಮಿಲಿಗ್ರಾಂವರೆಗೆ ತೋರಿಸುತ್ತೆ. 10 ಮಿಲಿ ತಗೊಂಡರೆ ಸಿಗೋದು 0.3, ಅದನ್ನು ನಂಬೋದು ಹೇಗೆ? 200 ಮಿಲಿ ತಗೊಂಡೆವು. ಇದರ ಮೇಲೆ ಎಥನಾಲ್ ಗಾಳಿಯ ತೇವ ಹೀರುತ್ತೆ, ಚೂರು ನೀರು ಸೇರಿದರೂ ಅಂಕಿ ಏರುತ್ತೆ. ಮಳೆಗಾಲದ ಲ್ಯಾಬಿನಲ್ಲಿ ಸಿಂಗಟಗೆರೆಯ ಒಣಗಾಳಿ ನೆನಪಾಗಿದ್ದು ಸುಳ್ಳಲ್ಲ.

ಮಾಡೆಲ್ ಇದೆಯಲ್ಲ ಅಂತೀರಾ? ಬೆಣ್ಣೆ ಬಿಸಿಗೆ 'ಕರಗೋದು', ಸಕ್ಕರೆ ನೀರಿಗೆ 'ಕರಗೋದು' ಎರಡಕ್ಕೂ ಕನ್ನಡದಲ್ಲಿ ಒಂದೇ ಮಾತು. ಸೂತ್ರಕ್ಕೂ ಮೊದಲನೆಯದು ಗೊತ್ತಿಲ್ಲದೆ ಎರಡನೆಯದು ಬರಲ್ಲ. ಆದರೆ ಗ್ಲೈಸಿನ್ ಕಾಯಿಸಿದರೆ 230 ಡಿಗ್ರಿ ದಾಟುತ್ತಲೇ ಸೀದುಹೋಗುತ್ತೆ. ಸೆಕೆಂಡಿಗೆ ಸಾವಿರಾರು ಡಿಗ್ರಿ ವೇಗದಲ್ಲಿ ಕಾಯಿಸಿ, ಸೀಯುವ ಮೊದಲೇ ಕರಗುಬಿಂದು ಹಿಡಿಯುವ ಉಪಕರಣಗಳು ಈಗಿವೆ, ನಮ್ಮಲ್ಲಿಲ್ಲ. ನಾವು ನೀರಿನ ಅಂಕಿಗಳಿಗೆ ಮಾಡೆಲ್ ಹೊಂದಿಸಿದೆವು. ನೀರು-ಎಥನಾಲ್ ಮಿಶ್ರಣಗಳಲ್ಲಿ ಗೆರೆ ಚೆನ್ನಾಗಿ ಕೂತಿತು. ಶುದ್ಧ ಎಥನಾಲ್‌ಗೆ ಬಂದಾಗ ನಮ್ಮ ಬಿಂದು ಒಂದು ಕಡೆ, ಗೆರೆ ಇನ್ನೊಂದು ಕಡೆ.

ಆ ಬಿಂದು ಬಿಟ್ಟರೆ ಗ್ರಾಫ್ ಚೆಂದ ಕಾಣುತ್ತೆ ಅನ್ನೋ ಮಾತು ನಮ್ಮೊಳಗೇ ಬಂತು. ಎರಡು ದಿನ ಜಗಳ ಆಯ್ತು. ಮತ್ತೆರಡು ಸಲ ಅಳೆದೆವು, ಅಲ್ಲೇ ಬಂತು. ಈಗ ಅದು ರಿಪೋರ್ಟಿನಲ್ಲಿದೆ. ವೈವಾದಲ್ಲಿ ಮೊದಲ ಪ್ರಶ್ನೆ ಅದರ ಮೇಲೇ ಬೀಳುತ್ತೆ ಅಂತ ನಮಗೆ ಗೊತ್ತು.