ಪರದೇಶವಾಸವೂ ವಕೀಲರ ಆಯ್ಕೆಯೂ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ಹೆಣ್ಣುಮಕ್ಕಳು ಮಳೆಗಾಲದಲ್ಲಿ ಹಳ್ಳ ದಾಟಿ ಶಾಲೆಗೆ ಬರುವುದೇ ಸಾಹಸವೆನಿಸಿದ್ದ ಕಾಲವೊಂದಿತ್ತು. ಈಗ ಅವರು ದಾದಿಯರಾಗಿಯೂ ವಿದ್ಯಾರ್ಥಿನಿಯರಾಗಿಯೂ ಸಮುದ್ರವನ್ನೇ ದಾಟುತ್ತಿರುವುದು ಸಂತೋಷದ ಸಂಗತಿ. ಆದರೆ ವೀಸಾ, ಕಾಯಂ ನಿವಾಸದ ಅನುಮತಿ ಮೊದಲಾದ ವಿಷಯಗಳಲ್ಲಿ ಯಾರನ್ನು ನಂಬಬೇಕೆಂಬ ಪ್ರಶ್ನೆಯು ಮನೆಮನೆಯಲ್ಲಿಯೂ ಏಳುತ್ತಿರುವುದರಿಂದ, ನಾವು ಕಂಡು ತಿಳಿದುದನ್ನು ಸೋದರಿಯರ ಮುಂದೆ ಅರಿಕೆಮಾಡುವುದು ಉಚಿತವೆಂದು ಭಾವಿಸಿದ್ದೇವೆ.

ನಮ್ಮ ಬಂಧುವರ್ಗದ ಹುಡುಗಿಯೊಬ್ಬಳು ಶುಶ್ರೂಷಾ ವಿದ್ಯಾಭ್ಯಾಸವನ್ನು ಮುಗಿಸಿ ಕೆನಡಾ ದೇಶಕ್ಕೆ ಹೊರಡಲು ಮನಸ್ಸುಮಾಡಿದಳು. ದೂರದ ಪಟ್ಟಣದ ಕಚೇರಿಯವರೊಬ್ಬರು ವೀಸಾ ದೊರೆಯುವುದು ಖಂಡಿತವೆಂದು ಮಾತುಕೊಟ್ಟು, ಮುಂಗಡ ಹಣವನ್ನೂ ಮೂಲ ಅಂಕಪಟ್ಟಿಗಳನ್ನೂ ಕೇಳಿದರು. ತಂದೆಯವರು ಅಡಕೆಯ ತೋಟದ ಮೇಲೆ ಸಾಲವೆತ್ತಲು ಸಿದ್ಧರಾದರು. ಆಗ ನಾವೆಲ್ಲರೂ ಕುಳಿತು ಆಲೋಚಿಸಿ, ಅರ್ಜಿಯಲ್ಲಿ ಪ್ರತಿನಿಧಿಯೆಂದು ಯಾರ ಹೆಸರು ನಮೂದಾಗುವುದೆಂದು ಕೇಳಿ ಬರೆದೆವು. ಹುಡುಗಿಯೇ ಸ್ವತಃ ಅರ್ಜಿ ಹಾಕಿದಂತೆ ತೋರಿಸುವೆವೆಂಬ ಉತ್ತರ ಬಂದಿತು. ಆ ವ್ಯವಹಾರವನ್ನು ಅಲ್ಲಿಗೇ ನಿಲ್ಲಿಸಿದೆವು.

ಕಾರಣವಿಷ್ಟೆ. ಕೆನಡಾದಲ್ಲಿ ಹಣ ಪಡೆದು ಇಂಥ ಅರ್ಜಿಗಳನ್ನು ನಡೆಸುವ ಅಧಿಕಾರವು ಅಲ್ಲಿಯ ವಕೀಲರೇ ಮೊದಲಾದ ನ್ಯಾಯವೃತ್ತಿಯವರಿಗೂ, 2021ರಲ್ಲಿ ಆರಂಭವಾದ ವಲಸೆ ಸಲಹೆಗಾರರ ಕಾಲೇಜಿನ ಪರವಾನಗಿಯುಳ್ಳವರಿಗೂ ಮಾತ್ರ ಉಂಟು. ಬ್ರಿಟನ್ನಿನಲ್ಲಿ 1999ರ ಕಾಯಿದೆಯು ಅರ್ಹತೆಯಿಲ್ಲದವರು ಸಲಹೆ ಕೊಡುವುದನ್ನು ಅಪರಾಧವೆಂದು ವಿಧಿಸಿತು. ಆಸ್ಟ್ರೇಲಿಯಾದಲ್ಲಿಯೂ ಸಲಹೆಗಾರರ ಸರಕಾರಿ ದಾಖಲೆಪಟ್ಟಿಯುಂಟು. ಈ ಪಟ್ಟಿಗಳನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ಹಣವಿಲ್ಲದೆ ನೋಡಬಹುದು. ತೆರೆಯ ಹಿಂದೆ ನಿಂತು ಬರೆಯುವವನಿಗೆ ಹೊಣೆಯಿಲ್ಲ. ಅರ್ಜಿಯಲ್ಲಿ ಸುಳ್ಳು ಸೇರಿದರೆ ಶಿಕ್ಷೆ ಅರ್ಜಿದಾರಳಿಗೇ. ಕೆನಡಾದಲ್ಲಿ ಅದು 5 ವರ್ಷಗಳ ಪ್ರವೇಶನಿಷೇಧವಾಗಬಹುದು.

ನಮ್ಮ ದೇಶದ 1983ರ ವಲಸೆ ಕಾಯಿದೆಯು ಪರದೇಶದಲ್ಲಿ ಉದ್ಯೋಗ ಕೊಡಿಸುವ ಏಜೆಂಟರಿಗೆ ನೋಂದಣಿಯನ್ನು ಕಡ್ಡಾಯಮಾಡಿತು. ಆದರೆ ಉದ್ಯೋಗ ಕೊಡಿಸುವವನು ಬೇರೆ, ವೀಸಾ ಅರ್ಜಿಯನ್ನು ನಡೆಸುವವನು ಬೇರೆ. ಮೊದಲನೆಯವನ ನೋಂದಣಿಯನ್ನು ಇಲ್ಲಿಯ ಸರಕಾರದ ಪಟ್ಟಿಯಲ್ಲಿಯೂ, ಎರಡನೆಯವನ ಅರ್ಹತೆಯನ್ನು ಹೋಗುವ ದೇಶದ ಪಟ್ಟಿಯಲ್ಲಿಯೂ ಹುಡುಕತಕ್ಕದ್ದು.

ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಸಾಲದು. ವಿದ್ಯಾರ್ಥಿಗಳ ವೀಸಾದಲ್ಲಿ ನುರಿತವರು ಕುಟುಂಬದ ನಿವಾಸದ ಪ್ರಕರಣದಲ್ಲಿ ನುರಿತವರೆಂದು ತಿಳಿಯಬಾರದು. ನಮ್ಮ ಕಡತವನ್ನು ವಕೀಲರೇ ನೋಡುವರೋ ಗುಮಾಸ್ತರೋ ಎಂಬುದನ್ನು ಕೇಳಬೇಕು. ವಕೀಲರ ಶುಲ್ಕವೆಷ್ಟು, ಸರಕಾರದ ಶುಲ್ಕವೆಷ್ಟು, ಅರ್ಜಿ ತಿರಸ್ಕೃತವಾದರೆ ಹಿಂದಿರುಗುವುದೆಷ್ಟು ಎಂಬುದೆಲ್ಲ ಕರಾರಿನಲ್ಲಿ ಬರಹದಲ್ಲಿರಬೇಕು. ಮೂಲಪತ್ರಗಳನ್ನು ಬಿಟ್ಟುಕೊಡಬಾರದು, ಖಾಲಿ ಕಾಗದಕ್ಕೆ ಸಹಿ ಹಾಕಬಾರದು, ಕಳುಹಿಸಿದ ಅರ್ಜಿಯ ಪೂರ್ಣ ಪ್ರತಿಯನ್ನು ಪಡೆದಿಟ್ಟುಕೊಳ್ಳಬೇಕು. ತೀರ್ಮಾನವು ಆಯಾ ದೇಶದ ಅಧಿಕಾರಿಯದಾದುದರಿಂದ ವೀಸಾ ಖಂಡಿತವೆನ್ನುವವರನ್ನು ದೂರವಿಡುವುದೇ ಲೇಸು. ಮಗಳ ಮನೆಗೆ ನಾಲ್ಕು ದಿನ ಹೋಗಿಬರುವ ತಾಯಿಗೆ ಸಾಮಾನ್ಯವಾಗಿ ವಕೀಲರೇ ಬೇಕಿಲ್ಲ. ಹಿಂದೆ ಅರ್ಜಿ ತಿರಸ್ಕೃತವಾಗಿದ್ದವರಿಗೂ ಅವಧಿ ಮೀರಿ ನಿಂತವರಿಗೂ ಬೇಕು.

ನಮ್ಮ ಸೀಮೆಗೆ ವಿಶೇಷವಾದ ತೊಡಕೊಂದುಂಟು. ಒಬ್ಬಳ ಹೆಸರೇ ಅಂಕಪಟ್ಟಿಯಲ್ಲಿ ಇನಿಷಿಯಲ್ಲಿನೊಡನೆಯೂ, ಜ್ಞಾನಸ್ನಾನದ ದಾಖಲೆಯಲ್ಲಿ ಮನೆತನದ ಹೆಸರಿನೊಡನೆಯೂ, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರಿನೊಡನೆಯೂ ಇರುವುದುಂಟು. ಇದನ್ನು ಮೊದಲ ಭೇಟಿಯಲ್ಲಿಯೇ ಗಮನಿಸಿ ಕೇಳುವವರು ಒಳ್ಳೆಯ ವಕೀಲರು. ಹತ್ತನೆಯ ತರಗತಿಯ ಸೋದರಿಯರು ಪರೀಕ್ಷೆಗೆ ಹೆಸರು ಬರೆಸುವಾಗಲೇ ಒಂದೊಂದು ಅಕ್ಷರವನ್ನೂ ಒಪ್ಪವಾಗಿ ನೋಡಿಕೊಂಡರೆ ಮುಂದೆ ಎಷ್ಟೋ ಶ್ರಮ ತಪ್ಪುವುದು.

ನಮ್ಮ ಹುಡುಗಿಗೆ ಬಳಿಕ ದೊರೆತ ಪರವಾನಗಿಯುಳ್ಳ ವಕೀಲೆಯು ಯಾವ ಭರವಸೆಯನ್ನೂ ಕೊಡಲಿಲ್ಲ. ಮೊದಲು ಭಾಷಾಪರೀಕ್ಷೆಯನ್ನೂ ವೃತ್ತಿನೋಂದಣಿಯ ಕೆಲಸವನ್ನೂ ಮುಗಿಸಿಕೊಂಡು ಬಾ ಎಂದು ಹೇಳಿ ಕಳುಹಿಸಿದರು. ಒಂದು ವರ್ಷ ತಡವಾಗುವುದೆಂದು ಮನೆಯಲ್ಲಿ ಬೇಸರಪಟ್ಟವರುಂಟು. ಆದರೆ ತೋಟವು ಋಣಮುಕ್ತವಾಗಿ ಉಳಿಯಿತು. ಮೂಲಪತ್ರಗಳು ಅವಳ ಪೆಟ್ಟಿಗೆಯಲ್ಲಿಯೇ ಇವೆ. ಅವಳು ಪರೀಕ್ಷೆಗೆ ಓದುತ್ತಿದ್ದಾಳೆ. ಸಿಹಿಯಾದ ಮಾತಿಗಿಂತ ಸತ್ಯವಾದ ಮಾತನ್ನು ಹೇಳಬಲ್ಲ ವಕೀಲರನ್ನು ಹುಡುಕಿರೆಂಬುದೇ ಸೋದರಿಯರಿಗೆ ನಮ್ಮ ಬಿನ್ನಹ.