ಎರಡು ಚುಕ್ಕೆಗಳ ಬೇಟೆ

2021ರ ಅಕ್ಟೋಬರ್ 4. ಅಪಾಚೆ ವೆಬ್ ಸರ್ವರಿನ 2.4.50 ಆವೃತ್ತಿ ತುರ್ತಾಗಿ ಹೊರಬಿತ್ತು. ಹಿಂದಿನ ತಿಂಗಳಷ್ಟೇ ಬಂದಿದ್ದ 2.4.49ರ ಗೋಡೆ ಬಿರುಕು ಬಿಟ್ಟಿತ್ತು, ದಾಳಿಕೋರರು ಆಗಲೇ ಅದರೊಳಗೆ ನುಸುಳುತ್ತಿದ್ದರು!

ಆಯುಧ ತೀರಾ ಚಿಕ್ಕದು. ಎರಡು ಚುಕ್ಕೆ, ಒಂದು ಓರೆಗೆರೆ: ಒಂದು ಫೋಲ್ಡರ್ ಮೇಲಕ್ಕೆ ಹತ್ತು ಎಂಬ ಅಪ್ಪಣೆ. ಬರಿಮೈಯಲ್ಲಿ ಬಂದರೆ ಕಾವಲು ಹಿಡಿಯುತ್ತಿತ್ತು. ಆದರೆ ಎರಡನೆಯ ಚುಕ್ಕೆ ಶೇಕಡಾ ಚಿಹ್ನೆಯ ಸಂಕೇತದ ವೇಷ ತೊಟ್ಟು ಬಂತು. ಕಾವಲಿಗೆ ಗುರುತೇ ಸಿಗಲಿಲ್ಲ. ಫೋಲ್ಡರ್‌ಗಳಿಗೆ ನಿರ್ಬಂಧ ಹಾಕದೆ ಬಿಟ್ಟಿದ್ದ ಸರ್ವರ್‌ಗಳ ಕಡತಗಳು ಬಯಲಾದವು. ಸಿಜಿಐ ಚಾಲೂ ಇದ್ದಲ್ಲಿ ದಾಳಿಕೋರರ ಆಜ್ಞೆಗಳೇ ಓಡತೊಡಗಿದವು.

ಎಲ್ಲೆಡೆ ಅಪ್‌ಡೇಟ್ ಧಾವಂತ. ಉಸಿರು ಬಿಡುವಷ್ಟರಲ್ಲಿ ಮತ್ತೊಂದು ಏಟು: ವೇಷದ ಮೇಲೆ ವೇಷ! ಸಂಕೇತವನ್ನೇ ಇನ್ನೊಮ್ಮೆ ಸಂಕೇತವಾಗಿಸಿದರೆ ಹೊಸ ಕಾವಲೂ ಏಮಾರುತ್ತಿತ್ತು. ಅಕ್ಟೋಬರ್ 7ಕ್ಕೆ 2.4.51 ಬಂದು ಕಂಡಿ ಮುಚ್ಚಿತು.

ವೆಬ್ ಸರ್ವರ್ ಗಟ್ಟಿಯಾಗಿದ್ದರೂ ಅದೇ ಚುಕ್ಕೆಗಳು ಕಡತದ ಹೆಸರಿನ ನೆಪದಲ್ಲಿ ಪಿಎಚ್‌ಪಿ ಅಪ್ಲಿಕೇಶನ್ನಿನ ಬಾಗಿಲು ಬಡಿಯುತ್ತವೆ. ಇಲ್ಲಿ ಕಾವಲು ನಿಂತವರು ನಾವೇ. ಯುಆರ್‌ಎಲ್‌ನ ಪ್ರಶ್ನಾಭಾಗದಿಂದ ಬಂದ ಮೌಲ್ಯವನ್ನು ಪಿಎಚ್‌ಪಿ ಆಗಲೇ ಡಿಕೋಡ್ ಮಾಡಿ ಕೈಗಿತ್ತಿರುತ್ತದೆ. ಅದರ ಮೇಲೆ ಮತ್ತೊಮ್ಮೆ ಯುಆರ್‌ಎಲ್‌ಡಿಕೋಡ್ ಕರೆದಿರೋ, ಎರಡನೆಯ ವೇಷವನ್ನು ನಿಮ್ಮ ಕೈಯಾರೆ ಕಳಚಿ ಶತ್ರುವನ್ನು ಒಳಗೆ ಬಿಟ್ಟಿರಿ!

ಚುಕ್ಕೆಗಳನ್ನು ಹುಡುಕಿ ಅಳಿಸಲು ಹೊರಡಬೇಡಿ. ಆ ಬೇಟೆಯಲ್ಲಿ ಗೆದ್ದವರನ್ನು ನಾನು ಕಾಣೆ. ಮೊದಲು ಪಿಎಚ್‌ಪಿಯ ರಿಯಲ್‌ಪಾತ್ ಫಂಕ್ಷನ್ ಕರೆಯಿರಿ. ಅದು ಚುಕ್ಕೆಗಳನ್ನೂ ಸಿಮ್‌ಲಿಂಕ್‌ಗಳನ್ನೂ ಬಿಡಿಸಿ ಕಡತದ ನಿಜವಾದ ನೆಲೆ ಹೇಳುತ್ತದೆ. ಕಡತವೇ ಇಲ್ಲದಿದ್ದರೆ ಫಾಲ್ಸ್. ಆ ಉತ್ತರ ನಿಮ್ಮ ಅಪ್‌ಲೋಡ್ಸ್ ಫೋಲ್ಡರಿನಿಂದ ಶುರುವಾಗುತ್ತದೆಯೇ ನೋಡಿ. ತಡೆಯಿರಿ, ಫೋಲ್ಡರಿನ ದಾರಿಗೆ ಕೊನೆಯ ಓರೆಗೆರೆ ಸೇರಿಸಿದ್ದೀರಾ? ಇಲ್ಲವಾದರೆ ಪಕ್ಕದ 'ಅಪ್‌ಲೋಡ್ಸ್-ಹಳೆಯದು' ಕೂಡ ಪಾಸಾಗುತ್ತದೆ! ಸೇರಿಸಿ. ಈಗ ಹೋಲಿಸಿ. ಹೊಂದಲಿಲ್ಲವೇ? 404. ದಾಳಿ ಅಲ್ಲೇ ಸತ್ತಿತು.

ಇಷ್ಟೆಲ್ಲ ತಪಾಸಣೆಗೆ ವೇಗ ಕುಸಿಯದೇ? ಇಲ್ಲ. ಬಿಡಿಸಿದ ದಾರಿಗಳನ್ನು ಪಿಎಚ್‌ಪಿ ನೆನಪಿಟ್ಟುಕೊಳ್ಳುತ್ತದೆ, ಡೀಫಾಲ್ಟ್ ಆಗಿ 120 ಸೆಕೆಂಡು. ಆದರೆ ಹೊಂಚು ಇಲ್ಲೂ ಇದೆ. ಅಪ್ಲಿಕೇಶನ್ನಿನ ಹೊಸ ಆವೃತ್ತಿ ಏರಿಸಿ ಸಿಮ್‌ಲಿಂಕನ್ನು ಅದರತ್ತ ತಿರುಗಿಸಿದ ಕ್ಷಣದಲ್ಲಿ ಆ ನೆನಪು ಹಳೆಯ ಫೋಲ್ಡರಿಗೇ ಜೋತುಬಿದ್ದಿರಬಹುದು: ಅರ್ಧ ಹೊಸ ಕೋಡ್, ಅರ್ಧ ಹಳೆಯದು, ಪರದೆ ತುಂಬ ಎರರ್! ಎಂಜಿನ್‌ಎಕ್ಸ್ ವೆಬ್ ಸರ್ವರಿನ ಹಿಂದೆ ಪಿಎಚ್‌ಪಿ-ಎಫ್‌ಪಿಎಂ ಓಡಿಸುತ್ತಿದ್ದರೆ, ಸಿಮ್‌ಲಿಂಕ್‌ನ ದಾರಿಯ ಬದಲು ಎಂಜಿನ್‌ಎಕ್ಸ್‌ನ ರಿಯಲ್‌ಪಾತ್-ರೂಟ್ ಚರಾಂಶದಿಂದ ನಿಜದ ದಾರಿಯನ್ನೇ ಪಿಎಚ್‌ಪಿಗೆ ಕೊಡಿ. ಹೊಸ ಆವೃತ್ತಿಗೆ ಹೊಸ ದಾರಿ. ಹಳೆಯ ನೆನಪು ಅಡ್ಡ ಬರುವುದಿಲ್ಲ. ಮುಂದಿನ ರಿಕ್ವೆಸ್ಟ್ ನೇರ ಹೊಸ ಕೋಡಿಗೆ ನುಗ್ಗುತ್ತದೆ.