ಮನೆಯ ದನಿಗೆ ಪರರ ಬೀಗ

ಗೃಹಸ್ಥರ ಮನೆಯಲ್ಲಿ ಬೀಗವಿಕ್ಕಿ ಕಾಪಾಡತಕ್ಕ ವಸ್ತುಗಳು ಹಲವುಂಟು. ಅವುಗಳ ಬೀಗದ ಕೈ ಯಜಮಾನಿಯ ಸೆರಗಿನ ಗಂಟಿನಲ್ಲಿಯೋ ದೇವರ ಗೂಡಿನಲ್ಲಿಯೋ ಇರುವುದು ವಾಡಿಕೆ. ವಸ್ತುವು ನಮ್ಮ ಮನೆಯಲ್ಲಿದ್ದು, ಬೀಗದ ಕೈ ಮಾತ್ರ ಎಲ್ಲಿಯೋ ಇರುವ ಕಂಪೆನಿಯವರ ವಶದಲ್ಲಿರುವ ಈ ಕಾಲದ ವಿಚಿತ್ರವನ್ನು ವಾಚಕ ಮಹಾಶಯರಲ್ಲಿ ಎಷ್ಟು ಮಂದಿ ಗಮನಿಸಿರುವರೋ ಅರಿಯೆವು.

ನಮ್ಮ ಅಕ್ಕನವರು ಗಮಕಿಗಳಾಗಿದ್ದರು. ಕುಮಾರವ್ಯಾಸ ಭಾರತದ ಅವರ ವಾಚನವೊಂದು ಒಮ್ಮೆ ಟೆಲಿವಿಷನ್ನಿನಲ್ಲಿ ಪ್ರಸಾರವಾದಾಗ, ಅದನ್ನು ಮನೆಯ ಡಿಶ್ ಪೆಟ್ಟಿಗೆಯಲ್ಲಿಯೇ ರೆಕಾರ್ಡು ಮಾಡಿಟ್ಟಿದ್ದೆವು. ಅವರು ಕಾಲವಾದ ಮರುವರ್ಷ ಪೆಟ್ಟಿಗೆ ಕೆಟ್ಟಿತು. ದುರಸ್ತಿಗೆ ಬಂದವನು ಹೊಸದನ್ನಿಟ್ಟು ಹಳೆಯದನ್ನು ಕೊಂಡೊಯ್ಯಲನುವಾದನು. ಒಳಗಿನ ವಾಚನದ ಗತಿಯೇನಪ್ಪ ಎಂದು ಕೇಳಿದೆವು. “ಅದು ಬರೋದಿಲ್ಲ ಸಾರ್. ಡಿಸ್ಕ್ ಬಿಚ್ಚಿ ಬೇರೆ ಕಡೆ ಹಾಕಿದರೂ ಓದೋದಿಲ್ಲ. ಆ ಪೆಟ್ಟಿಗೆಗೇ ಲಾಕ್ ಆಗಿರುತ್ತೆ” ಎಂದನು. ಆತನನ್ನು ದೂರಿ ಫಲವೇನು? ಯಂತ್ರವನ್ನು ರಚಿಸಿರುವ ಬಗೆಯೇ ಅಂತಹುದು. ತಾಳೆಗರಿಯನ್ನು ಹುಳು ತಿನ್ನಬಹುದು. ಆದರೆ ಉಳಿದ ಗರಿಯನ್ನು ಅಕ್ಷರ ಬಲ್ಲವನಾರು ಬೇಕಾದರೂ ಓದಬಲ್ಲನಷ್ಟೆ.

ಇನ್ನುಳಿದದ್ದು ಹಬ್ಬಗಳಲ್ಲಿ ಮನೆಯವರೇ ಹಿಡಿದಿಟ್ಟ ಮೂರು ಕ್ಯಾಸೆಟ್ಟುಗಳು. ಪಟ್ಟಿಯ ಮೇಲಿನ ಕಂದು ಪುಡಿ ಉದುರಲಾರಂಭಿಸಿತ್ತು. ಇನ್ನು ನಾಲ್ಕಾರು ಬಾರಿ ನುಡಿಸಿದರೆ ಅಕ್ಕನವರ ದನಿಯೂ ಆ ಪುಡಿಯೊಡನೆ ಹೋಗುವುದೆಂಬ ಭಯವಾಯಿತು.

ಬಿಡದಿಯೆಂದರೆ ತಟ್ಟೆ ಇಡ್ಲಿಯೆಂದು ಬಲ್ಲವರೇ ಹೆಚ್ಚು. ನಮಗಾದರೋ ಪಾಳಿಯ ಬಸ್ಸುಗಳ ಸದ್ದೇ ಗಡಿಯಾರ. ೧೯೯೯ರ ಕೊನೆಯಿಂದ ಟೊಯೋಟಾ ಕಿರ್ಲೋಸ್ಕರ್ ಕಾರುಗಳು ಇಲ್ಲಿ ಸಿದ್ಧವಾಗುತ್ತಿವೆ. ಬೇರೆ ಕಾರ್ಖಾನೆಗಳೂ ಹಲವುಂಟು. ಯಂತ್ರದ ನಕ್ಷೆಯನ್ನು ಓದಬಲ್ಲ ತರುಣರು ಇಲ್ಲಿ ಬೀದಿಬೀದಿಯಲ್ಲಿರುವರು. ಆದರೆ ಆ ನಕ್ಷೆಗಳು ಗೇಟಿನ ಕಾವಲುಗಾರನನ್ನು ದಾಟಿ ಹೊರಬರುವಂತಿಲ್ಲ. ಅದು ಅವರವರ ವ್ಯಾಪಾರದ ಧರ್ಮ, ನಾವು ಆಕ್ಷೇಪಿಸುವುದಿಲ್ಲ.

ಅಂತಹ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿರುವ, ಹಿಂದೆ ನಮ್ಮೆದುರಿನಲ್ಲಿ ರಾಮಶಬ್ದವನ್ನು ಉರುಹೊಡೆದ ಹುಡುಗನೊಬ್ಬನು ಒಂದು ಸಂಜೆ ಬಂದು, ಜಮಖಾನದ ಮೇಲೆ ಕಾಗದಗಳನ್ನು ಹರಡಿ, “ಮೇಷ್ಟ್ರೇ, ಇದು ಯಾರಿಗೂ ಮುಚ್ಚಿಡದ ನಕ್ಷೆ” ಎಂದನು. ಅವನು ತಂದಿದ್ದ ಅಂಗೈಯಗಲದ ಹಲಗೆಯ ಹೆಸರು ಬೀಗಲ್‌ಬೋನ್ ಬ್ಲ್ಯಾಕ್. ೨೦೧೩ರಲ್ಲಿ ಹೊರಬಂದುದು. ಹೆಸರಿನಲ್ಲಿ ಬೀಗವಿದ್ದರೂ ಅದು ಇಂಗ್ಲಿಷರ ಬೇಟೆನಾಯಿಯ ಹೆಸರಂತೆ. ಇದರ ತಂತಿಗಳ ಹಾದಿ, ಬಿಡಿಭಾಗಗಳ ಪಟ್ಟಿ, ಹಲಗೆಯ ವಿನ್ಯಾಸ ಎಲ್ಲವೂ ಪ್ರಕಟವಾಗಿವೆ. ನೋಡಿ ಕಲಿಯಬಹುದು, ತಿದ್ದಬಹುದು, ತಯಾರಿಸಿ ಮಾರಲೂಬಹುದು. ಇದನ್ನೇ ಮುಕ್ತ ಯಂತ್ರಾಂಶವೆನ್ನುವರು. ೨೦೧೨ರಿಂದ ಬಹು ಪ್ರಸಿದ್ಧವಾಗಿರುವ ರಾಸ್ಪ್‌ಬೆರಿ ಪೈ ಈ ಲಕ್ಷಣಕ್ಕೆ ಪೂರ್ತಿಯಾಗಿ ಒಳಪಡದು. ಅದರ ನಕ್ಷೆ ಭಾಗಶಃ ಮಾತ್ರ ಪ್ರಕಟವಾಗಿದೆ. ಬೀಗಲ್‌ಬೋನಿನಲ್ಲಿಯೂ ಮುಖ್ಯವಾದ ಚಿಪ್ಪಿನ ಒಳಗುಟ್ಟು ತಯಾರಕರದೇ ಆಗಿದೆಯೆಂದು ಹುಡುಗನೇ ಒಪ್ಪಿಕೊಂಡನು. ಅಷ್ಟರಮಟ್ಟಿಗೆ ಈ ‘ಮುಕ್ತ’ ಶಬ್ದವು ಗೌಣಾರ್ಥದಲ್ಲಿದೆಯೆನ್ನಬೇಕು.

ಈ ವಿಚಾರವು ಕನ್ನಡನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಸಂಸ್ಥೆಯವರೊಡಗೂಡಿ, ೨೦೦೧ರ ಹೊತ್ತಿಗೆ ಸಿಂಪ್ಯೂಟರ್ ಎಂಬ ಕೈಯಂತ್ರವನ್ನು ರಚಿಸಿದರು. ಬರೆಹವನ್ನು ಕನ್ನಡದಲ್ಲಿ ಓದಿ ಹೇಳುವ ಶಕ್ತಿ ಅದಕ್ಕಿದ್ದಿತು. ಇತರರೂ ತಯಾರಿಸಲೆಂದು ಅದರ ವಿನ್ಯಾಸಕ್ಕೆ ಪ್ರತ್ಯೇಕವಾದೊಂದು ಅನುಜ್ಞಾಪತ್ರವನ್ನೇ ರೂಪಿಸಿದ್ದರು. ೨೦೦೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾಗಿ ‘ಅಮಿಡಾ’ ಎಂಬ ಹೆಸರಿನಿಂದ ಮಾರಾಟಕ್ಕೂ ಬಂದಿತು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಅದು ನೆಲೆನಿಂತಿದ್ದರೆ ಇಂದು ಈ ಹಲಗೆ ಕಡಲಾಚೆಯಿಂದ ಬರಬೇಕಾಗಿರಲಿಲ್ಲವೇನೋ.

ಕೆಲಸದ ಬಗೆ ಹೀಗೆ: ಕ್ಯಾಸೆಟ್ ಯಂತ್ರದ ಹಳೆಯ ಬೆಲ್ಟನ್ನು ಬದಲಿಸಿ, ಅದರಿಂದ ಹೊರಡುವ ದನಿಯನ್ನು ಕಿರುಬೆರಳಿನಷ್ಟು ಸಾಧನವೊಂದಕ್ಕೆ ಕೊಟ್ಟರು. ಅದು ದನಿಯನ್ನು ಕ್ಷಣಕ್ಕೆ ೪೪,೧೦೦ ಬಾರಿ ಅಳೆದು ಅಂಕಿಗಳಾಗಿ ಹಲಗೆಗೆ ಸಲ್ಲಿಸುವುದು. ಎರಡು ವಾಹಿನಿಗಳಲ್ಲಿ ಒಂದು ಗಂಟೆಯ ವಾಚನಕ್ಕೆ ಸುಮಾರು ೬೩೫ ಮೆಗಾಬೈಟು. ಇದನ್ನು ‘ಫ್ಲ್ಯಾಕ್’ ಎಂಬ ರೀತಿಯಲ್ಲಿ ಮಡಿಸಿಡುವರು. ಬಿಡಿಸಿದಾಗ ಒಂದಂಕಿಯೂ ಲೋಪವಾಗದು. ಆ ರೀತಿಯ ವಿವರವೂ ಬಹಿರಂಗವಾಗಿರುವುದರಿಂದ, ಈ ಹಲಗೆ ಸುಟ್ಟುಹೋದರೂ ಬೇರಾವ ಯಂತ್ರವಾದರೂ ಓದಬಲ್ಲುದು. ನಮಗೆ ಬೇಕಾಗಿದ್ದುದು ಇದೇ. ಕೇಳುವಾಗ ದನಿಯನ್ನು ಏರಿಸಿ ಇಳಿಸಲು ಚನ್ನಪಟ್ಟಣದಲ್ಲಿ ಹಾಲೆ ಮರದಿಂದ ಕಡೆದು ಅರಗಿನ ಬಣ್ಣವಿಟ್ಟ ಗುಂಡಿಯೊಂದನ್ನು ಹುಡುಗನು ತಂದು ಕೂಡಿಸಿರುವನು. ನಮ್ಮ ಮನೆಯವರಿಗೆ ಯಂತ್ರದಲ್ಲಿ ಮೆಚ್ಚುಗೆಯಾದ ಭಾಗ ಅದೊಂದೇ.

ಇದು ಅಗ್ಗವೆಂದು ಹೇಳಲಾರೆವು. ತಿಳಿದವರೊಬ್ಬರು ನೆರೆಯಲ್ಲಿಲ್ಲದವರಿಗೆ ಸುಲಭವೂ ಅಲ್ಲ. ನಕ್ಷೆ ತೆರೆದಿದೆಯೆಂದ ಮಾತ್ರಕ್ಕೆ ಕಾರ್ಡು ಕೆಡದೆಯೂ ಇರದು. ಆದಕಾರಣ ಮೂರು ಪ್ರತಿಗಳನ್ನು ಮಾಡಿ ಒಂದನ್ನು ಮೈಸೂರಿನ ಮಗಳ ಮನೆಗೆ ಕಳುಹಿಸಿದೆವು.

ಎರಡು ಕ್ಯಾಸೆಟ್ಟುಗಳು ಮುಗಿದಿವೆ. ಎರಡನೆಯದರಲ್ಲಿ ಪದ್ಯ ಪದ್ಯಗಳ ನಡುವೆ, ಅಡಿಗೆಮನೆಯಿಂದ ನಮ್ಮ ತಾಯಿಯವರು “ಕಾಫಿ ಬೆರೆಸಲೇನೇ?” ಎಂದು ಕೇಳುವುದೂ ಅಕ್ಕನವರು ನಗುವುದೂ ಇದೆ. ತಾಯಿಯವರ ದನಿ ಅದರಲ್ಲಿದೆಯೆಂದು ನಮ್ಮಲ್ಲಾರಿಗೂ ನೆನಪಿರಲಿಲ್ಲ. ಮೂರನೆಯದರ ಪಟ್ಟಿ ನಡುವೆ ತುಂಡಾಗಿದೆ. ಹುಡುಗನಿಗೆ ಈ ವಾರ ರಾತ್ರಿ ಪಾಳಿ. ಭಾನುವಾರ ಬಂದು ಬೆಸೆದುಕೊಡುವೆನೆಂದಿರುವನು.